ಮಾವನ ಮನೆಯಲ್ಲಿ ಗಿಳಿ ಬರೆದ ವರ್ಷ

ಹೋದ ತಿಂಗಳು ತಂಗಿಯ ಮಗಳಿಗೆ ಮದುವೆ ಸೀರೆ ತೆಗೆಯಲು ಮೊಳಕಾಲ್ಮೂರಿಗೆ ಹೋಗಿದ್ದೆ. ಅಂಗಡಿಯವರು ಹೊಸ ಸೀರೆಯ ಮಡಿಕೆ ಬಿಚ್ಚಿದ ಕೂಡಲೇ ರೇಷ್ಮೆಯ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆ ಅಂದರೆ ಏನೋ ಗಂಧ, ಪರಿಮಳ ಅಂದುಕೊಂಡವರು ಬಹಳ ಜನ. ಸುಳ್ಳು. ಸೋಪು, ಸೋಡಾ ಹಾಕಿ ಎಷ್ಟು ಬೇಯಿಸಿದರೂ ನೂಲಿನಲ್ಲಿ ಸತ್ತ ಹುಳದ ಒಂದು ಕಮಟು ಉಳಿದೇ ಇರುತ್ತದೆ. ತಂಗಿ ಸೆರಗು ಸವರಿ, "ಎಷ್ಟ್ ಚೆಂದ ಐತಲ್ಲಕ್ಕ" ಅಂದಳು. ನನಗೆ ತಿಪ್ಪೇಸ್ವಾಮಿ ಮಾವನ ಮೇಲೆ ಇಪ್ಪತ್ತೈದು ವರ್ಷದ ಹಿಂದೆ ಬಂದ ಸಿಟ್ಟು ಅಲ್ಲೇ, ಗಾದಿಯ ಮೇಲೆ ಕೂತಲ್ಲೇ ಮತ್ತೆ ಬಂತು. ಕಾಫಿ ತರಿಸುತ್ತೇವೆ ಅಂದವರಿಗೆ ಬೇಡ ಅಂದೆ.

ಮಾವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಎದುರಿಗೆ ನಿಂತಾಗಲೆಲ್ಲ ರೀ, ರೀ ಅಂದು ನನ್ನ ಪಾಲಿನ ಮರ್ಯಾದೆಯೆಲ್ಲ ಆ ವರ್ಷವೇ ಖರ್ಚಾಗಿದೆ. ಅವನು ನಮ್ಮ ಅವ್ವನ ಅಣ್ಣ. ಮೊಳಕಾಲ್ಮೂರಿನ ಒಂದು ಬೀದಿಯ ಉದ್ದಕ್ಕೂ ಅವನ ಮಗ್ಗಗಳು. ಮಗ್ಗ ನೇಕಾರರ ಮನೆಯೊಳಗಿದ್ದರೂ ನೂಲು ಅವನದು, ಜರಿ ಅವನದು, ನೇಯ್ದ ಸೀರೆಯೂ ಅವನದೇ. ನಾವು ಚಳ್ಳಕೆರೆಯವರು. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತ. ನಾನು ಬಿ.ಕಾಂ. ಮುಗಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಕ್ಲಾಸಿನ ಉಳಿದ ಹುಡುಗಿಯರು ಟೈಪಿಂಗ್ ಕಲಿತು ಸರ್ಟಿಫಿಕೇಟ್ ತೆಗೆದುಕೊಂಡು ಹೋದರು. ನನಗೆ ಮ್ಯಾಕ್ರೊದ ಹುಚ್ಚು ಹಿಡಿಯಿತು. ಮ್ಯಾಕ್ರೊ ಅಂದರೆ ದೊಡ್ಡ ವಿದ್ಯೆಯೇನಲ್ಲ. ಎಕ್ಸೆಲ್ಲಿನಲ್ಲಿ ನಾವು ಕೈಯಾರೆ ಒಂದೊಂದಾಗಿ ಮಾಡುವ ಕೆಲಸವನ್ನು, ಹೀಗೆ ಮಾಡು, ಆಮೇಲೆ ಹೀಗೆ ಮಾಡು ಅಂತ ಸಾಲಾಗಿ ಬರೆದಿಟ್ಟರೆ ಆಮೇಲೆ ಒಂದು ಗುಂಡಿ ಒತ್ತಿದರೆ ಸಾಕು, ಅದೇ ಎಲ್ಲ ಮಾಡಿ ಮುಗಿಸುತ್ತದೆ. ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಒಂದು ವಸ್ತು ಲೋಕದಲ್ಲಿದೆ ಅನ್ನುವುದೇ ನನಗೆ ಭಾರಿ ಸಂತೋಷ ಕೊಟ್ಟಿತ್ತು. ನಮ್ಮ ಮನೆಯಲ್ಲಿ ನನ್ನ ಮಾತನ್ನು ಬೆಕ್ಕೂ ಕೇಳುತ್ತಿರಲಿಲ್ಲ.

ಆ ಯುಗಾದಿಗೆ ಮಾವ ಬಂದ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಅವ್ವನಿಗೆ, "ಕಂಪ್ಯೂಟರ್ ತಗೊಂಡೀನಮ್ಮ. ಅದ್ರ ಮುಂದೆ ಕೂರೋರಿಲ್ಲ. ವನಜಿ ಹೆಂಗೂ ನಮ್ಮನೆಗೆ ಬರೋಳೇ ಅಲ್ವಾ, ಈಗ್ಲಿಂದ್ಲೇ ಬಂದು ಕೆಲಸ ನೋಡ್ಕೊಳ್ಳಿ" ಅಂದ. ಅವನ ಮಗ ರಮೇಶನಿಗೂ ನನಗೂ ಆಗುತ್ತದೆ ಅನ್ನುವುದು ನಾನು ಲಂಗ ಹಾಕುವ ಕಾಲದಿಂದ ಎರಡೂ ಮನೆಯಲ್ಲಿ ಆಡಿಕೊಂಡು ಬಂದ ಮಾತು. ಈಗ ಮಾವನೇ ಬಾಯಿ ಬಿಟ್ಟು ಹೇಳಿದ್ದಕ್ಕೆ ಅವ್ವನ ಮುಖ ಊರಗಲವಾಯಿತು. ಅಪ್ಪ ಹೆದರಿ ಹೆದರಿ ಸಂಬಳದ ಮಾತೆತ್ತಿದ.

"ಮನೆ ಸೊಸೆ ಆಗೋಳಿಗೆ ಯಾರಾದ್ರೂ ಸಂಬಳ ಕೊಡ್ತಾರೇನ್ರಿ ಭಾವ? ನಾಕ್ ಜನ ನಗ್ತಾರೆ" ಅಂದ ಮಾವ. ಅಪ್ಪ ತುಪ್ಪದ ಬಟ್ಟಲು ಅವನ ಕಡೆ ಸರಿಸಿದ.

ರಮೇಶನ ಆಸೆಗೆ ಹೋದೆ ಅಂತ ಊರೆಲ್ಲ ತಿಳಿದುಕೊಂಡಿತು. ತಿಳಿದುಕೊಳ್ಳಲಿ. ನಾನು ಹೋದದ್ದು ಆ ಕಂಪ್ಯೂಟರಿಗೆ. ಕ್ಲಾಸಿನಲ್ಲಿ ಒಂದು ಮೆಷಿನ್ನಿಗೆ ನಾಲ್ಕು ಜನ. ಕೈ ಇಟ್ಟು ನಿಮಿಷವಾಗುವಷ್ಟರಲ್ಲಿ ಪಕ್ಕದವಳು ಮೊಣಕೈಯಲ್ಲಿ ತಿವಿಯುತ್ತಿದ್ದಳು. ಇಲ್ಲಿ ಇಡೀ ಮೆಷಿನ್ನು ನನ್ನೊಬ್ಬಳದು. ಅದಕ್ಕಾಗಿ ದಿನಾ ಬೆಳಗಿನ ಬಸ್ಸು ಹಿಡಿದು, ತಳಕು, ಹಾನಗಲ್ ದಾಟಿ, ಮೈಕೈ ನೋಯಿಸಿಕೊಂಡು ಹೋಗಲು ತಯಾರಿದ್ದೆ.

ಕಂಪ್ಯೂಟರ್ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ, ನೂಲಿನ ಮೂಟೆಗಳ ನಡುವೆ. ಒಂದೇ ಗಾಜಿನ ಕಿಟಕಿ. ಆಷಾಢದ ಗಾಳಿ ಶುರುವಾದ ಮೇಲೆ ಆ ಕಿಟಕಿ ದಿನವಿಡೀ ಬಡಬಡ ಬಡಿದುಕೊಳ್ಳುವುದು. ಮಳೆ ತರದ ಗಾಳಿ ಅದು, ಬರೀ ಧೂಳು ತರುವುದು. ಕೀಬೋರ್ಡನ್ನು ಬೆಳಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಕೆಮ್ಮಣ್ಣು. ಮಗ್ಗದ ಮೇಲೆ ಎಳೆ ಒಣಗಿ ಪಟ್ಟಂತ ಹರಿದಾಗ ಆಚೆ ಮನೆಗಳಿಂದ ನೇಕಾರರು ತೆಲುಗಿನಲ್ಲಿ ಗಾಳಿಯನ್ನು ಬೈಯುವುದು ಕೇಳಿಸುತ್ತಿತ್ತು. ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಕಷ್ಟಪಟ್ಟು ಬರೆದದ್ದೆಲ್ಲ ಪರದೆಯ ಜೊತೆ ಕಪ್ಪಾಗಿ ಹೋದಾಗ ನಾನೂ ಬೈಯುತ್ತಿದ್ದೆ, ಕನ್ನಡದಲ್ಲಿ.

ಕೆಲಸ ಏನು ಅಂದರೆ ಸೀರೆಯ ನಕಾಶೆ. ಗಿಳಿ, ಮಾವಿನಕಾಯಿ, ರುದ್ರಾಕ್ಷಿ ಏನೇ ನೇಯಬೇಕಾದರೂ ಮೊದಲು ಅದನ್ನು ಚೌಕುಳಿ ಹಾಳೆಯ ಮೇಲೆ ಬರೆಯಬೇಕು. ಒಂದು ಮನೆ ಅಂದರೆ ಒಂದು ಎಳೆ. ಹಾಳೆಯ ಒಂದೊಂದು ಸಾಲಿಗೂ ಒಂದೊಂದು ರಟ್ಟು, ಬಣ್ಣ ತುಂಬಿದ ಮನೆಗಳಿರುವ ಕಡೆ ರಟ್ಟಿಗೆ ತೂತು. ಮಗ್ಗದ ತಲೆಯ ಮೇಲಿನ ಜಕಾರ್ಡ್ ಪೆಟ್ಟಿಗೆ ಆ ತೂತುಗಳ ಪ್ರಕಾರ ಎಳೆ ಎತ್ತುತ್ತದೆ. ಒಂದು ಸೆರಗಿಗೆ ರಾಶಿ ರಟ್ಟು ಬೇಕು. ಅಷ್ಟನ್ನೂ ಕಣ್ಣಲ್ಲಿ ಕಣ್ಣಿಟ್ಟು ಎಣಿಸಿ ತೂತು ಹಾಕುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಮಾವ ಕಂಪ್ಯೂಟರ್ ತಂದದ್ದು ಬಿಲ್ಲು ಬರೆಯಲಿಕ್ಕೆ. ಎಕ್ಸೆಲ್ಲಿನ ಹಾಳೆಯೂ ಚೌಕುಳಿಯೇ ಅಲ್ಲವೇ, ಇದರಲ್ಲೇ ಗಿಳಿ ಬರೆದರೇನು ಅಂತ ಹೊಳೆದದ್ದು ನನಗೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಇದು ಯಾರಿಗೆ ಹೊಳೆದದ್ದು ಅನ್ನುವುದೇ ಬದಲಾಯಿತು.

ಮನೆಗಳ ಅಗಲ ಎತ್ತರ ಸಮ ಮಾಡಿ ಹಾಳೆಯನ್ನು ನಕಾಶೆ ಕಾಗದದ ಹಾಗೆ ಮಾಡಿಕೊಂಡೆ. ಹಳೆಯ ಕಾಗದದ ಗಿಳಿಯನ್ನು ಒಂದೊಂದೇ ಮನೆಗೆ ಬಣ್ಣ ತುಂಬಿ ಇಳಿಸಿದೆ. ಆದರೆ ಅದರಲ್ಲೊಂದು ತೊಡಕಿತ್ತು. ಮಾವನ ಮಗ್ಗಗಳಲ್ಲಿ ಸೀರೆಯನ್ನು ಬೋರಲಾಗಿ ನೇಯುತ್ತಾರೆ. ಚಂದದ ಮುಖ ಕೆಳಗೆ, ಎಳೆಗಳ ಗೋಜಲು ಮೇಲೆ. ಹಾಗಾಗಿ ಆ ಮನೆಯ ಹಳಬರು ಕಾಗದದ ಮೇಲೆ ನಕಾಶೆಯನ್ನೇ ಉಲ್ಟಾ ಬರೆದಿಡುತ್ತಿದ್ದರು. ಬಲಕ್ಕೆ ನೋಡಬೇಕಾದ ಗಿಳಿ ಕಾಗದದಲ್ಲಿ ಎಡಕ್ಕೆ ನೋಡುತ್ತದೆ. ಸೀರೆ ಮಗುಚಿದಾಗ ಸರಿಹೋಗುತ್ತದೆ. ನನಗೆ ಪರದೆಯ ಮೇಲೆ ಕಾಣುವ ಗಿಳಿ ಸೀರೆಯ ಮೇಲೆ ಕಾಣುವ ಗಿಳಿಯಂತೆಯೇ ಇರಬೇಕಿತ್ತು. ಆದ್ದರಿಂದ ಹಳೆಯ ಕಾಗದವನ್ನು ಕಿಟಕಿಯ ಗಾಜಿಗೆ ಬೋರಲು ಅಂಟಿಸಿ, ಬೆಳಕಿನಲ್ಲಿ ಹಿಂದಿನಿಂದ ಮೂಡುವ ಗಿಳಿಯನ್ನು ನೋಡಿ ಮನೆ ತುಂಬುತ್ತಿದ್ದೆ. ಮಿಕ್ಕದ್ದೆಲ್ಲ ಮ್ಯಾಕ್ರೊ. ನಾನು ಒಂದು ಗಿಳಿ ತುಂಬಿದರೆ ಅದು ಪಕ್ಕದಲ್ಲಿ ಕನ್ನಡಿಯಂತೆ ಇನ್ನೊಂದು ಗಿಳಿ ತುಂಬಿ ಜೋಡಿ ಮಾಡುತ್ತಿತ್ತು, ಜೋಡಿಯನ್ನು ಸೆರಗಿನ ಅಗಲಕ್ಕೂ ಸಾಲಾಗಿ ಕೂರಿಸುತ್ತಿತ್ತು, ನೇಯುವುದಕ್ಕೆ ಬೇಕಾದ ಹಾಗೆ ಎಲ್ಲವನ್ನೂ ತಾನೇ ಮಗುಚುತ್ತಿತ್ತು, ಕೊನೆಗೆ ಯಾವ ರಟ್ಟಿಗೆ ಎಲ್ಲೆಲ್ಲಿ ತೂತು ಅಂತ ಅಚ್ಚು ಹಾಕಿ ಕೊಡುತ್ತಿತ್ತು.

ಮೊದಲ ಸಲ ಅದು ತಪ್ಪಿಲ್ಲದೆ ಓಡಿದ್ದು ಶ್ರಾವಣದ ಒಂದು ಮಧ್ಯಾಹ್ನ. ಗುಂಡಿ ಒತ್ತಿದೆ. ಖಾಲಿ ಮನೆಗಳಲ್ಲಿ ಹಸಿರು ತಾನಾಗಿ ಹರಿದು, ಕೊಕ್ಕಿಗೆ ಕೆಂಪು ಬಂದು, ಎದುರುಬದುರು ಮುಖ ಮಾಡಿದ ಗಿಳಿಗಳು ಪರದೆಯ ಆ ಅಂಚಿನ ತನಕ ಕೂತವು. ನನಗೆ ಅಳು ಬಂತು. ಸರೋಜತ್ತೆ, ಅಂದರೆ ಮಾವನ ಹೆಂಡತಿ, ಬಾಗಿಲಲ್ಲಿ ಇಣುಕಿ, "ಯಾಕೇ ಅಳ್ತೀಯಾ, ಹೊಟ್ಟೆ ನೋವಾ?" ಅಂದಳು. ಅವಳಿಗೆ ಏನಂತ ಹೇಳುವುದು? ಹೂಂ ಅಂದೆ. ಬಿಸಿನೀರು ತಂದುಕೊಟ್ಟಳು. ಆ ಮನೆಯಲ್ಲಿ ನನಗೆ ಕೇಳದೆ ಸಿಕ್ಕಿದ್ದು ಅದೊಂದೇ.

ದೀಪಾವಳಿ ಮುಂದಿರುವಾಗ ಬೆಂಗಳೂರಿನ ಒಬ್ಬ ದೊಡ್ಡ ಜವಳಿ ವ್ಯಾಪಾರಿ ಬಂದ. ಹೊಸ ನಕಾಶೆಗಳು ಇಷ್ಟು ಬೇಗ ಹೇಗೆ ಬರುತ್ತಿವೆ ಅಂತ ನೋಡಲಿಕ್ಕೇ ಬಂದದ್ದು. ಮಾವ ಅವನನ್ನು ಕೋಣೆಗೆ ಕರೆದುಕೊಂಡು ಬಂದು, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಅಲ್ಲಿ ರಮೇಶನನ್ನು ಕೂರಿಸಿದ. "ಎಲ್ಲಾ ನಮ್ ಹುಡುಗನ ತಲೆ ಸಾರ್. ಹಗಲು ರಾತ್ರಿ ಇದ್ರ ಮುಂದೇ ಕೂತಿರ್ತಾನೆ" ಅಂದ. ರಮೇಶ ಅದರ ಮುಂದೆ ಕೂರುತ್ತಿದ್ದದ್ದು ನಿಜ, ಇಸ್ಪೀಟು ಆಡಲು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, "ವನಜಿ, ಸಾರ್‌ಗೆ ಟೀ ತಗೊಂಬಾ" ಅಂದ. ತಂದುಕೊಟ್ಟೆ. ವ್ಯಾಪಾರಿ ಲೋಟ ತೆಗೆದುಕೊಳ್ಳುವಾಗ ನನ್ನ ಮುಖವನ್ನೂ ನೋಡಲಿಲ್ಲ.

ಅವರು ಹೋದ ಮೇಲೆ ರಮೇಶನನ್ನು ಕೇಳಿದೆ. "ಯಾಕೆ ಭಾವ, ಒಂದ್ ಮಾತು ಹೇಳೋಕಾಗ್ತಿರ್ಲಿಲ್ವಾ, ಇವಳು ಮಾಡಿದ್ದು ಅಂತ?"

"ಯಾರು ಮಾಡಿದ್ರೇನು, ಮನೆಗೇ ಅಲ್ವಾ" ಅಂದ, ಹಲ್ಲು ಕಿರಿದು. ಕೆಟ್ಟವನಲ್ಲ ರಮೇಶ. ಕೆಟ್ಟವನಾಗಲಿಕ್ಕೂ ಸ್ವಲ್ಪ ಶ್ರಮ ಬೇಕು, ಅದು ಅವನ ಜಾಯಮಾನವಲ್ಲ. ಮಾವನ ಹತ್ತಿರ ಇದೇ ಮಾತು ಕೇಳಿದ್ದಕ್ಕೆ, "ಹೆಣ್ಣುಮಗಳ ಹೆಸರು ಅಂಗಡಿ ಅಂಗಡೀಲಿ ಓಡಾಡಬೇಕೇನು?" ಅಂತ ಗದರಿದ. ಅವ್ವನಿಗೆ ಹೇಳಿದರೆ ಅವಳೂ ಅಣ್ಣನ ಕಡೆಗೇ. "ನಾಳೆ ನಿನ್ನ ಗಂಡನೇ ಕಣೇ, ಅವನಿಗೆ ಹೆಸರು ಬಂದ್ರೆ ನಿಂಗೆ ಬಂದಂಗಲ್ವಾ?" ಅಲ್ಲ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನನ್ನ ಕೆಲಸಕ್ಕೆ ಒಂದು ಸಲ, ನಾಲ್ಕು ಜನರ ಎದುರಿಗೆ, ಇದು ವನಜಾಳ ಕೆಲಸ ಅಂತ ಮಾವನ ಬಾಯಲ್ಲಿ ಹೇಳಿಸಬೇಕು ಅನ್ನುವ ಹಟ ಆ ದಿನ ನನಗೆ ಹತ್ತಿಕೊಂಡಿತು.

ಸಂಕ್ರಾಂತಿ ಕಳೆದ ಮೇಲೆ ಸರೋಜತ್ತೆ ನನ್ನ ಕಣ್ಣು ತಪ್ಪಿಸತೊಡಗಿದಳು. ಆಗಲೇ ಅನುಮಾನ ಬಂದಿತ್ತು. ಒಂದು ದಿನ ಮಾವ ಕೋಣೆಗೆ ಬಂದು, ನೂಲಿನ ಮೂಟೆಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡ. ರಮೇಶನಿಗೆ ರಾಯದುರ್ಗದ ಹೆಣ್ಣು ಗೊತ್ತಾಗಿದೆ, ಅವರಿಗೂ ಮಗ್ಗಗಳಿವೆ, ಆಂಧ್ರದ ಕಡೆ ವ್ಯಾಪಾರ ಬೆಳೆಯುತ್ತದೆ ಅಂತ ಹೇಳಿದ. ತಾನೇ ಕೊಟ್ಟ ಮಾತಿನ ಬಗ್ಗೆ ಚಕಾರ ಎತ್ತಲಿಲ್ಲ. "ಇನ್ ಮೇಲೆ ನೀನು ಇಲ್ಲಿಗೆ ಬರೋದು ಚೆಂದ ಕಾಣಲ್ಲ. ಹೆಣ್ಣಿನ ಕಡೇರು ಏನಂದ್ಕೊಂತಾರೆ? ಅದೆಂಗೆ ಒತ್ತೋದು ಅಂತ ರಮೇಶಂಗೆ ತೋರಿಸ್ಬಿಡು."

ರಮೇಶ ಬಂದು ಪಕ್ಕದಲ್ಲಿ ನಿಂತ. ಯಾವ ಗುಂಡಿ ಅಂತ ತೋರಿಸಿದೆ. "ಒಂದೇ ಒಂದು ಗಿಳಿ ತುಂಬ್ಬೇಕು. ತುಂಬೋಕೆ ಮುಂಚೆ ಕಾಗದ ಕಿಟಕಿಗೆ ಹಿಡಿದು..." ಅಂತ ಶುರುಮಾಡಿದೆ.

"ಆಯ್ತಾಯ್ತು, ಗೊತ್ತೈತೆ ಬಿಡು. ನೇಕಾರರ ಮನೆಯಾಗ್ ಹುಟ್ಟಿದೋನಿಗೆ ಗಿಳಿ ಬರೆಯೋದ್ ಹೇಳ್ಕೊಡ್ತೀಯಾ?" ಅಂದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಚಳ್ಳಕೆರೆಯಲ್ಲಿ ಇನ್ನೊಂದು ಹಿಂಸೆ ಕಾದಿತ್ತು. ಸಮಾಧಾನ ಹೇಳುವವರ ಸಾಲು. ಚಿಕ್ಕಮ್ಮಂದಿರು, ಅಕ್ಕಪಕ್ಕದವರು, ಕ್ಲಾಸಿನ ಗೆಳತಿಯರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದು, ಅವನಿಗಿಂತ ಒಳ್ಳೆಯ ಹುಡುಗ ಸಿಗುತ್ತಾನೆ ಅಂದರು. ನಾನು ಹುಡುಗನಿಗೆ ಅಳುತ್ತಿಲ್ಲ ಅಂದರೆ ಒಬ್ಬರೂ ನಂಬಲಿಲ್ಲ. ಪಾಪ, ಎಷ್ಟು ಗಟ್ಟಿ ಮನಸ್ಸು ಅಂದರು. ನನ್ನ ಕಣ್ಣ ಮುಂದಿದ್ದದ್ದು ಆ ಹಿಂದಿನ ಕೋಣೆ, ಸಾಲುಸಾಲಾಗಿ ನಾನು ಬರೆದ ಆಜ್ಞೆಗಳು, ಅದರ ಮುಂದೆ ಇಸ್ಪೀಟು ಆಡುತ್ತಾ ಕೂತ ರಮೇಶ. ಅವ್ವ ಮಾತ್ರ ಅಣ್ಣನಿಗೆ ಶಾಪ ಹಾಕುತ್ತಾ ಹಾಕುತ್ತಾ ನನ್ನನ್ನೂ ಬೈಯುತ್ತಿದ್ದಳು, ನೀನು ಆ ಡಬ್ಬದ ಮುಂದೆ ಕೂರುವ ಬದಲು ಹುಡುಗನ ಜೊತೆ ನಾಲ್ಕು ಮಾತಾಡಿದ್ದರೆ ಅಂತ.

ಹೀಗಿರುವಾಗ ಬೇಸಿಗೆಯ ಒಂದು ಬೆಳಗ್ಗೆ ಮಾವನ ಜೀಪು ನಮ್ಮ ಬಾಗಿಲಿಗೆ ಬಂತು. ರಮೇಶನೇ ಬಂದಿದ್ದ, ಮುಖ ಬಾಡಿತ್ತು. ಮದುವೆಯ ಸೀರೆಯಲ್ಲಿ ಏನೋ ಎಡವಟ್ಟಾಗಿದೆ, ಹೆಣ್ಣಿನ ಕಡೆಯವರು ಬಂದು ಕೂತಿದ್ದಾರೆ, ನೀನು ಬರಲೇಬೇಕು ಅಂದ. ಅವ್ವ ಬೇಡ ಅಂದಳು. ನಾನು ಹೊರಟೆ. ಕರುಣೆಯಿಂದಲ್ಲ. ಏನು ಕೆಡಿಸಿದ್ದಾರೆ ಅಂತ ಕಣ್ಣಾರೆ ನೋಡಬೇಕಿತ್ತು. ಫೈಲು ತುಂಬಿಕೊಂಡು ಒಯ್ಯುವ ಕ್ಲಾಸಿನ ಹಳೆಯ ಫ್ಲಾಪಿಯೊಂದು ಚೀಲದಲ್ಲಿ ಇದ್ದೇ ಇತ್ತು.

ಪಡಸಾಲೆಯಲ್ಲಿ ಚಾಪೆಯ ಮೇಲೆ ಸೀರೆ ಹರಡಿದ್ದರು. ಕೆಂಪು ಒಡಲು, ಹಸಿರು ಸೆರಗು, ಒಳ್ಳೆಯ ಜರಿ. ಸೆರಗಿನ ಉದ್ದಕ್ಕೂ ಜೋಡಿ ಜೋಡಿ ಗಿಳಿ, ಪ್ರತಿ ಜೋಡಿಯೂ ಬೆನ್ನಿಗೆ ಬೆನ್ನು ಹಾಕಿ ಕೂತಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಮದುವೆಗೆಂದು ಇನ್ನೊಂದು ಗಿಳಿ ಆರಿಸಿ, ಹಳಬರು ಉಲ್ಟಾ ಬರೆದಿಟ್ಟ ಕಾಗದವನ್ನು ರಮೇಶ ಹಾಗೇ ನೋಡಿ ತುಂಬಿದ್ದ. ಮಗ್ಗದ ಮನೆಯವನಲ್ಲವೇ, ಕಾಗದದ ಗಿಳಿ ಎಡಕ್ಕೆ ನೋಡುವುದು ಅವನ ಕಣ್ಣಿಗೆ ಸರಿಯಾಗಿಯೇ ಕಂಡಿದೆ. ಮ್ಯಾಕ್ರೊ ಅದರ ಬೆನ್ನಿಗೆ ಇನ್ನೊಂದನ್ನು ಕೂರಿಸಿದ್ದು ಪರದೆಯಲ್ಲಿ ಕಂಡರೂ, ಸೀರೆ ಮಗುಚಿದಾಗ ಸರಿಹೋಗುತ್ತದೆ ಅಂದುಕೊಂಡಿದ್ದಾನೆ. ಬೋರಲು ನೇಯ್ದ ಸೀರೆ, ಮಗ್ಗದಿಂದ ಇಳಿಸಿ ಮಗುಚುವ ತನಕ ಯಾರಿಗೂ ಕಂಡಿಲ್ಲ. ಆ ಸೀಮೆಯಲ್ಲಿ ಮದುವೆ ಹೆಣ್ಣಿನ ಸೆರಗಿನಲ್ಲಿ ಗಿಳಿಗಳು ಮುಖಕ್ಕೆ ಮುಖ ಕೊಟ್ಟಿರಬೇಕು. ಹೆಣ್ಣಿನ ಅಜ್ಜಿ ಸೆರಗನ್ನು ಮುಟ್ಟದೆ ದೂರದಿಂದ ಬೆರಳು ತೋರಿಸಿ, "ಈ ಚಿಲಕಲು ವೀಪು ತಿಪ್ಪುಕುನ್ನಾಯಿ" ಅಂದಳು. ಗಿಳಿಗಳು ಬೆನ್ನು ತಿರುಗಿಸಿವೆ ಅಂತ. ಗಂಡ ಹೆಂಡತಿ ಮಾತು ಬಿಡುವ ಸೀರೆ ಉಡಿಸಿ ಕಳಿಸುತ್ತೀರಾ ಅನ್ನುವುದು ಅವಳ ಮುಖದಲ್ಲೇ ಇತ್ತು.

ಆಗ ಮಾವ ಎದ್ದು ನಿಂತ. ನನ್ನ ಕಡೆ ಕೈ ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಇವಳೇ ನೋಡ್ರಿ ಮಾಡಿದ್ದು. ನನ್ ತಂಗಿ ಮಗಳು ವನಜಾ. ಆ ಕಂಪ್ಯೂಟರ್ನಾಗೆ ಏನೈತೋ ಅದೆಲ್ಲಾ ಇವಳದೇ ಕೈಕೆಲಸ, ನಮ್ ರಮೇಶಂದು ಏನೂ ಇಲ್ಲ" ಅಂದ.

ವರ್ಷವೆಲ್ಲ ನಾನು ಕಾದ ಮಾತು ಅದು. ಎಂಥ ಹೊತ್ತಿನಲ್ಲಿ ಬಂತು ನೋಡಿ. ಎಲ್ಲರ ಕಣ್ಣೂ ನನ್ನ ಮೇಲೆ. ರಮೇಶ ಗೋಡೆ ನೋಡುತ್ತಿದ್ದ. ನೆಟ್ಟಗೆ ಹಿಂದಿನ ಕೋಣೆಗೆ ನಡೆದೆ. ಅಜ್ಜಿ ಹಿಂದೆಯೇ ಬಂದು ಮೂಟೆಯ ಮೇಲೆ ಕೂತಳು. ಕಾಗದವನ್ನು ಕಿಟಕಿಯ ಗಾಜಿಗೆ ಬೋರಲು ಅಂಟಿಸಿ, ಒಂದೊಂದೇ ಮನೆ ತುಂಬಿ, ಮಧ್ಯಾಹ್ನದ ಊಟ ಬಿಟ್ಟು ಗಿಳಿ ಮುಗಿಸಿದೆ. ಗುಂಡಿ ಒತ್ತಿದಾಗ ಗಿಳಿಗಳು ಮುಖಕ್ಕೆ ಮುಖ ಕೊಟ್ಟು ಕೂತವು. ಬೇರೆಯವರ ಎಡವಟ್ಟು ನನ್ನ ಹೆಸರಿನಲ್ಲಿ ಉಳಿಯುವುದು ಬೇಡವಾಗಿತ್ತು, ಅದಕ್ಕೇ ಮಾಡಿದೆ. ತೂತಿನ ಹಾಳೆಗಳೆಲ್ಲ ಅಚ್ಚಾಗಿ ಬಂದವು. ಮದುವೆಗೆ ಮುಂಚೆ ಬೇರೆ ಸೀರೆ ನೇಯಲು ಇನ್ನೂ ಸಮಯವಿತ್ತು. ಅಜ್ಜಿ ಪರದೆ ನೋಡಿ ನಕ್ಕು, "ನಮ್ಮ ಹುಡುಗಿಗೂ ಇದು ಕಲಿಸ್ತೀಯಾ?" ಅಂತ ತನ್ನ ತೆಲುಗುಗನ್ನಡದಲ್ಲಿ ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಮಾವನ ಮುಖ ಅರಳಿತು. "ಹೂಂ, ಹೇಳ್ಕೊಟ್ಟು ಹೋಗು ವನಜಿ. ಮನೆ ಸೊಸೆ ಆಗೋಳು, ನಾಳೆಯಿಂದ ಅವಳೇ ಕೂತು ಮಾಡ್ಕೊಂತಾಳೆ" ಅಂದ.

ಅಲ್ಲಿಯ ತನಕ ನನಗೆ ಸುಮ್ಮನೆ ಎದ್ದು ಹೋಗುವ ಯೋಚನೆಯೇ ಇತ್ತು. ನಾನು ಕಣ್ಣಲ್ಲಿ ನೋಡದ ಆ ರಾಯದುರ್ಗದ ಹುಡುಗಿ ಇದೇ ಕುರ್ಚಿಯಲ್ಲಿ, ನಾನು ಬರೆದದ್ದನ್ನೇ ಒತ್ತುತ್ತಾ ಕೂತು, ಬಂದವರಿಗೆ ಟೀ ಕೊಡುವುದು ಕಣ್ಣಿಗೆ ಕಟ್ಟಿತು. ಮ್ಯಾಕ್ರೊ ಬರೆದಿದ್ದ ಜಾಗವನ್ನು ತೆರೆದೆ. ಬಣ್ಣ ತುಂಬಿದ ಗಿಳಿಗಳು ಅವರ ಅಜ್ಜ ಮುತ್ತಜ್ಜಂದಿರವು, ಅವನ್ನು ಮುಟ್ಟಲಿಲ್ಲ. ನನ್ನ ಸಾಲುಗಳನ್ನಷ್ಟೇ ಹಿಡಿದು, ತೆಗೆದುಹಾಕು ಅಂತ ಒತ್ತಿದೆ. ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು.

ಮಾವ ಹತ್ತಿರ ಬಂದು ಬಗ್ಗಿ ನೋಡಿದ. "ಏನ್ ಕೇಳ್ತೈತದು?"

"ನಾನು ಬರೆದಿದ್ದು ಈ ಫೈಲಿಂದ ಹೋಗ್ತೈತೆ ಮಾವ. ಅಳಿಸೋಕೆ ಮುಂಚೆ ಒಂದು ಪ್ರತಿ ತೆಗೆದಿಡಬೇಕಾ ಅಂತ ಕೇಳ್ತೈತೆ."

"ಪ್ರತಿ ಯಾರಿಗೆ?"

"ನನಗೆ" ಅಂದೆ. ಫ್ಲಾಪಿ ಹಾಕಿ, ಹೌದು ಅಂತ ಒತ್ತಿದೆ.